ಚೀಲದಲ್ಲಿ ಉಳಿದ ಚೀಟಿಗಳು

"ಥೂ! ಬಾಕ್ಸು ಈ ಕಡೆ ಬಂತು, ಬಾಣ ಆ ಕಡೆನೇ ಉಳೀತು!" ದಬ್ಬಣ ಮೌಸನ್ನು ಮೇಜಿಗೆ ಕುಕ್ಕಿದ. ಕಡ್ಡಿಯಂತೆ ಉದ್ದಕ್ಕಿದ್ದ ಹುಡುಗನಿಗೆ ಗೆಳೆಯರು ಇಟ್ಟ ಹೆಸರದು.

ಕಂಪ್ಯೂಟರ್ ಕೋಣೆಯ ತುಂಬ ಅದೇ ಗೋಳು. ಚಿತ್ರ ಬರೆಯುವ ಹೊಸ ಸಾಫ್ಟ್‌ವೇರಿನಲ್ಲಿ ಎಲ್ಲರೂ ರಕ್ತ ಸಂಚಾರದ ಚಿತ್ರ ಬರೆಯುತ್ತಿದ್ದರು. ಹೃದಯಕ್ಕೊಂದು ಬಾಕ್ಸು, ಶ್ವಾಸಕೋಶಕ್ಕೊಂದು ಬಾಕ್ಸು, ನಡುವೆ ಬಾಣಗಳು. ಹೃದಯವನ್ನು ಚೂರು ಪಕ್ಕಕ್ಕೆ ಎಳೆದರೆ ಸಾಕು, ಬಾಣಗಳು ದಿಕ್ಕು ತಪ್ಪಿದವರಂತೆ ಅಲ್ಲೇ ನಿಂತುಬಿಡುತ್ತಿದ್ದವು.

"ಇದನ್ನ ಮಾಡಿದೋರ ತಲೇಲಿ ಏನಿದೆ? ಬರೀ ಹೊಟ್ಟು!" ಅಂದ ದಬ್ಬಣ. ಎಲ್ಲರೂ ಗೊಳ್ಳೆಂದು ನಕ್ಕರು.

ಸಾಸಿವೆ ಮಾತ್ರ ನಗಲಿಲ್ಲ. ಕ್ಲಾಸಿಗೆಲ್ಲ ಚಿಕ್ಕವಳೆಂದು ಅವಳಿಗೆ ಆ ಹೆಸರು. ಆ ಸಾಫ್ಟ್‌ವೇರ್ ಮಾಡಿದ್ದು ಅವಳ ಚಿಕ್ಕಮ್ಮ. ಮನೆಯ ಮೂಲೆಯ ಮೇಜಿನ ಮುಂದೆ ಕೂತು, ಎರಡು ವರ್ಷ ಒಬ್ಬಳೇ ಒದ್ದಾಡಿ ಮಾಡಿದ್ದು. ಮಕ್ಕಳು ಬಳಸಿ ನೋಡಲಿ ಎಂದು ಶಾಲೆಗೆ ಕೊಟ್ಟಿದ್ದಳು. ಟೀಚರ್ ಬಿಟ್ಟರೆ ಅಲ್ಲಿ ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ.

ಪೀರಿಯಡ್ ಮುಗಿಯುವಾಗ ಟೀಚರ್ ಚೀಟಿ ಹಂಚಿದರು. "ಇದರಲ್ಲಿ ಇನ್ನೂ ಏನೇನು ಇರಬೇಕು ಅನ್ಸುತ್ತೆ, ಬರೀರಿ."

ಬರೆದ ಇಪ್ಪತ್ತೈದು ಚೀಟಿಗಳ ಕಟ್ಟನ್ನು ಸಾಸಿವೆಯ ಕೈಗಿಟ್ಟು, "ಚಿಕ್ಕಮ್ಮಂಗೆ ಕೊಡು" ಎಂದು ಪಿಸುಗುಟ್ಟಿದರು.

ದಾರಿಯಲ್ಲಿ ಪಾರ್ಕಿನ ಬೆಂಚಿನ ಮೇಲೆ ಕೂತು ಅವಳು ಒಂದೊಂದೇ ಓದಿದಳು.

'ಅಕ್ಷರ ಬಾಕ್ಸಿಂದ ಆಚೆ ಓಡುತ್ತೆ.'

'ತಪ್ಪನ್ನ ಹಿಂದಕ್ಕೆ ತಗೊಳ್ಳೋ ಅನ್‌ಡೂ ಒಂದೇ ಸಲ ಆಗುತ್ತೆ. ನಾನು ಹತ್ತು ಸಲ ತಪ್ಪು ಮಾಡ್ತೀನಿ.'

'ಸೇವ್ ಮಾಡೋದು ಮರೆತೆ. ನನ್ನ ಹೃದಯ ಹೋಯ್ತು. ತಾನೇ ಸೇವ್ ಆಗಬೇಕು.'

'ಮಹಾ ಕಿರಿಕಿರಿ. ಬಾಣ ಬಾಕ್ಸಿಗೆ ಅಂಟಿಕೊಂಡಿರಲಿ.' ಇದು ದಬ್ಬಣನದು.

ನಾಲ್ಕರಲ್ಲಿ ಮಾತ್ರ 'ಸೂಪರ್' ಎಂದಿತ್ತು. ಸಾಸಿವೆ ಆ ನಾಲ್ಕನ್ನು ಕೈಯಲ್ಲಿ ಹಿಡಿದು, ಉಳಿದದ್ದನ್ನು ಚೀಲದ ತಳಕ್ಕೆ ತುರುಕಿದಳು.

ಚಿಕ್ಕಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಚೀಟಿ ಎಣಿಸಿದವಳ ಮುಖ ಬಾಡಿತು. "ಇಷ್ಟೇನಾ? ಇಡೀ ಕ್ಲಾಸಲ್ಲಿ ನಾಲ್ಕೇ ಜನ ಬರೆದ್ರಾ?"

"ಸೂಪರ್ ಅಂದಿದ್ದಾರಲ್ಲ ಚಿಕ್ಕಮ್ಮ!"

"ಹೂಂ ಪುಟ್ಟಾ." ಚಿಕ್ಕಮ್ಮ ಕಂಪ್ಯೂಟರ್ ಆಫ್ ಮಾಡಿದಳು. "ಉಳಿದೋರಿಗೆ ಒಂದು ಸಾಲು ಬರೆಯೋಷ್ಟೂ ಇಷ್ಟ ಆಗಿಲ್ಲ. ಯಾರಿಗೂ ಬೇಡದ್ದನ್ನ ಎಷ್ಟು ದಿನ ಅಂತ ಮಾಡ್ಲಿ? ಇವತ್ತಿಗೆ ಸಾಕು, ಬಿಟ್ಟುಬಿಡ್ತೀನಿ."

ಸಾಸಿವೆ ತಟ್ಟನೆ ಚೀಲವನ್ನು ಮೇಜಿನ ಮೇಲೆ ತಲೆಕೆಳಗು ಮಾಡಿದಳು. ಪುಸ್ತಕ, ಪೆನ್ಸಿಲ್, ಮುದುಡಿದ ಇಪ್ಪತ್ತೊಂದು ಚೀಟಿಗಳು.

"ಎಲ್ರೂ ಬರೆದಿದ್ದಾರೆ. ಆದ್ರೆ ಬೈದಿದ್ದಾರೆ. ಅದಕ್ಕೇ..." ಅವಳು ಒಂದು ಚೀಟಿಯ ಸುಕ್ಕು ಬಿಡಿಸಿದಳು.

ಚಿಕ್ಕಮ್ಮ ಓದತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ಭುಜ ಕುಲುಕಿತು. ಅಳುತ್ತಿದ್ದಾಳೆಂದು ಸಾಸಿವೆ ಹೆದರಿ ಬಗ್ಗಿ ನೋಡಿದರೆ, ನಗು!

"ನನ್ನ ಹೃದಯ ಹೋಯ್ತಂತೆ ಕಣೇ! ಈ ಮಹಾ ಕಿರಿಕಿರಿ ಯಾರು? ಬರೆದೋರು ಸಿಕ್ಕಿದ್ರೆ ಕೈಕುಲುಕಬೇಕು. ನಾಳೆನೇ ಬಾಣಕ್ಕೆ ಗೋಂದು ಹಚ್ತೀನಿ."

"ಕೋಪ ಬರ್ಲಿಲ್ವಾ?"

"ಕೋಪ ಯಾಕೆ? ಎಷ್ಟು ಹೊತ್ತು ಕೂತು ಬರೆದಿದ್ದಾರೆ ನೋಡು! ನನಗೆ ಇದೇ ಬೇಕಿತ್ತು." ಚಿಕ್ಕಮ್ಮ ಮತ್ತೆ ಕಂಪ್ಯೂಟರ್ ಆನ್ ಮಾಡಿದಳು. "ನೀನೇನು ಬರೆದೆ?"

"ನಾನು... ಬರೀಲಿಲ್ಲ."

ಚಿಕ್ಕಮ್ಮ ಒಂದು ಖಾಲಿ ಚೀಟಿ ಮುಂದೆ ತಳ್ಳಿದಳು. ಸಾಸಿವೆಯ ಎದೆ ಹಗುರಾಗಿತ್ತು. 'ತುಂಬಾ ಚೆನ್ನಾ...' ಎಂದು ಅರ್ಧ ಬರೆದಳು. ಚಿಕ್ಕಮ್ಮನ ಕಡೆ ನೋಡಿದಳು. ರಬ್ಬರ್ ತಗೊಂಡು ಅದನ್ನು ಉಜ್ಜಿಹಾಕಿದಳು.

ಆಮೇಲೆ ತನಗೆ ಕಿರಿಕಿರಿಯಾದದ್ದನ್ನೆಲ್ಲ ತಲೆಯೆತ್ತದೆ ಬರೆದಳು. ಈ ಬದಿ ತುಂಬಿತು. ಆ ಬದಿಯೂ ತುಂಬಿತು.

"ಚಿಕ್ಕಮ್ಮಾ, ಇನ್ನೊಂದು ಚೀಟಿ ಕೊಡು" ಅಂದಳು.