ಹೊಲಿಗೆ ಹೊರಗಿದ್ದ ಷೂ

“ಮುಟ್ಟಬೇಡಿ...!”

ಅವಳು ಕಾಲೆಳೆದುಕೊಂಡ ರಭಸಕ್ಕೆ ಸ್ಟೂಲು ಉರುಳಿತು. ಟೇಪು ಹಿಡಿದಿದ್ದ ಷೂ ಹೊಲಿಯುವವನ ಕೈ ಗಾಳಿಯಲ್ಲೇ ನಿಂತುಹೋಯಿತು.

“ಬೆರಳು ಸೋಕಿದ್ದಷ್ಟೇ ಕಣ್ರೀ!”

“ನನಗೆ ಅಷ್ಟೇ ಸಾಕು...”

ಎರಡು ವರ್ಷದಿಂದ ಅವಳ ಅಂಗಾಲಲ್ಲಿ ಕೆಂಡ. ಹೊದಿಕೆ ಸೋಕಿದರೆ ಮುಳ್ಳು. ಥಟ್ಟನೆ ಎದ್ದರೆ ಎದೆ ಢವಢವ, ಕಣ್ಣು ಕತ್ತಲೆ. ಪರೀಕ್ಷೆಗಳೆಲ್ಲ ನಾರ್ಮಲ್ ಎಂದವು. ಕೊನೆಗೊಬ್ಬ ಡಾಕ್ಟರು ಕಾಲಿನ ಚರ್ಮದಿಂದ ಕಾಳಿನಷ್ಟು ಚೂರು ತೆಗೆದು ನೋಡಿ, “ಸಣ್ಣ ನರದ ಎಳೆಗಳೇ ಕಡಿಮೆಯಾಗಿವೆಯಮ್ಮಾ” ಎಂದಾಗ ಅವಳು ಅತ್ತಳು. ದುಃಖಕ್ಕಲ್ಲ... ತನ್ನ ನೋವು ಸುಳ್ಳಲ್ಲವಲ್ಲ ಎಂಬ ಸಮಾಧಾನಕ್ಕೆ!

ಅತ್ತಿಗೆ ಮಾತ್ರ ನಂಬಲಿಲ್ಲ. “ನೋಡೋಕೆ ಗುಂಡುಕಲ್ಲಿನ ಹಾಗಿದ್ದಾಳೆ. ನೋವಂತೆ, ನೋವು!”

ಷೂ ಹೊಲಿಯುವವನು ಟೇಪು ಮಡಿಸಿಟ್ಟ. ನೆಲದ ಮೇಲೆ ಹಾಳೆ ಹಾಸಿ ಪೆನ್ಸಿಲು ಕೊಟ್ಟ.

“ಟೀಚರಮ್ಮಾ, ಪಾದದ ಗೆರೆ ನೀವೇ ಎಳ್ಕೊಳ್ಳಿ.”

ಕಾಲುಚೀಲ ಕಳಚಿ ಗೆರೆಯೆಳೆದಳು. ಅವನ ಕಣ್ಣು ಒಂದು ಕ್ಷಣ ಆ ಕಾಲುಚೀಲದ ಮೇಲೆ ನಿಂತಿತು.

ಷೂ ಆಯಿತೇ ಎಂದು ಕೇಳುವ ನೆಪದಲ್ಲಿ ಅವಳು ವಾರವಾರವೂ ಹೋದಳು. ಎಲ್ಲಿ ಉರಿ, ಎಷ್ಟು ಹೊತ್ತು ನಿಂತರೆ ಜೋಮು ಎಂದು ಅವನು ಕೇಳುತ್ತಿದ್ದ. ‘ಪಾಪ’ ಎನ್ನುತ್ತಿರಲಿಲ್ಲ. ಇವನು ಪಾಪ ಅನ್ನದಿದ್ದರೆ ನನಗ್ಯಾಕೆ ಇಷ್ಟು ಹಿತ...? ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಷೂ ಸಿದ್ಧವಾದ ದಿನ ಅತ್ತಿಗೆಯೂ ಜೊತೆಗೆ ಬಂದಳು.

ಷೂವಿನ ಮೈಮೇಲೆಲ್ಲ ಹೊಲಿಗೆ! ಗಂಟು, ಅಂಚು, ಎಲ್ಲವೂ ಹೊರಗೆ, ಇರುವೆ ಸಾಲು ಹತ್ತಿದ ಹಾಗೆ.

“ಏನಪ್ಪಾ, ಒಳಗಿಂದು ಹೊರಗೆ ಮಾಡಿದ್ದೀಯ? ಹುಚ್ಚು ಕಾಯಿಲೆಗೆ ಹುಚ್ಚು ಷೂನಾ?” ಎಂದು ಅತ್ತಿಗೆ ಕಿಸಕ್ಕನೆ ನಕ್ಕಳು.

ಅವನ ತುಟಿಯಂಚಲ್ಲೂ ನಗುವಿತ್ತು. ಅವಳು ನೋಡಿದ್ದು ಅದೊಂದನ್ನೇ.

ಇವನೂ... ಎಲ್ಲರ ಹಾಗೇನಾ!

ಷೂ ಕಾಲಿಗೆ ಹಾಕಿಯೂ ನೋಡದೆ ಹೊರಟೇಬಿಟ್ಟಳು. “ಟೀಚರಮ್ಮಾ, ಒಂದ್ಸಲ...” ಎಂದ ಕೂಗಿಗೂ ತಿರುಗಲಿಲ್ಲ.

ನಾಲ್ಕು ದಿನ ಊಟ ಸೇರಲಿಲ್ಲ. ಕಾಲುರಿಯೋ ಎದೆಯುರಿಯೋ ಬೇರ್ಪಡಿಸಲಾಗಲಿಲ್ಲ. ತರಗತಿಯಲ್ಲಿ ಪದ್ಯದ ಎರಡನೇ ಸಾಲೇ ಮರೆತುಹೋಯಿತು.

ಐದನೇ ದಿನ ಬೆಳಗ್ಗೆ, ಶಾಲೆಗೆ ಹೊರಡಲು ಕಾಲುಚೀಲ ತೆಗೆದುಕೊಂಡಳು. ಎರಡು ವರ್ಷದ ರೂಢಿಯಂತೆ ಅದನ್ನು ಒಳಗಿನದು ಹೊರಗಾಗುವಂತೆ ತಿರುವಿದಳು. ಒಳಹೊಲಿಗೆ ಕಾಲ್ಬೆರಳಿಗೆ ಒತ್ತಿದರೆ ಪ್ರಾಣ ಹೋಗುತ್ತಿತ್ತಲ್ಲ...

ಕೈ ಅಲ್ಲೇ ನಿಂತಿತು.

ಹೊಲಿಗೆ ಹೊರಗೆ... ನುಣುಪು ಒಳಗೆ. ಅಯ್ಯೋ ದೇವರೇ!

ಅಂಗಡಿಗೆ ಏದುಸಿರು ಬಿಡುತ್ತ ಬಂದವಳಿಗೆ ಅವನು ಸ್ಟೂಲು ಸರಿಸಿದ. ಷೂ ಮುಂದಿಟ್ಟ. ಅವಳು ಕಾಲು ತೂರಿಸಿದಳು. ಕಚ್ಚುವ ಗೆರೆಯಿಲ್ಲ, ಚುಚ್ಚುವ ಗಂಟಿಲ್ಲ. ಉರಿ ಹೋಗಿರಲಿಲ್ಲ, ಆದರೆ ಅದಕ್ಕೆ ತುಪ್ಪ ಸುರಿಯುವವರು ಯಾರೂ ಒಳಗಿರಲಿಲ್ಲ.

“ಮತ್ತೆ ಅವತ್ತು ನಕ್ಕಿದ್ಯಾಕೆ?”

“ಮೂರು ಜೊತೆ ಕೆಡಿಸಿದ ಮೇಲೆ ನಾಲ್ಕನೇದು ಸರಿಬಂದಿತ್ತು ಕಣ್ರೀ... ಆ ಖುಷಿಗೆ!”

ಅವಳ ಕಣ್ಣು ತುಂಬಿತು. “ಇದು ಪೂರ್ತಿ ವಾಸಿಯಾಗುತ್ತೆ ಅಂತ ಯಾರೂ ಹೇಳಿಲ್ಲ. ಒಂದೊಂದು ದಿನ ಹೊದಿಕೇನೂ ಬೇಡ, ನೀವೂ ಬೇಡ ಅಂದುಬಿಟ್ಟೇನು.”

“ಅವತ್ತು ದೂರ ಕೂತು ಮಾತಾಡ್ತೀನಿ. ಮಾತಿಗೇನು ಹೊಲಿಗೆ ಇರುತ್ತಾ?”

ನಗುತ್ತಲೇ ಥಟ್ಟನೆ ಎದ್ದಳು. ಕಣ್ಣಿಗೆ ಕತ್ತಲೆ ಬಂತು. ಚಾಚಿದ ಅವನ ಕೈ, ಮೊದಲ ದಿನದಂತೆಯೇ ಗಾಳಿಯಲ್ಲಿ ನಿಂತಿತು.

“ಮುಟ್ಟಬೇಡಿ ಅಂದಿದ್ರಿ...”

“ಸವರಿದರೆ ಉರಿ. ಗಟ್ಟಿಯಾಗಿ ಹಿಡಿದರೆ ತಡ್ಕೊಳ್ತೀನಿ.”

“ಎಷ್ಟು ಗಟ್ಟಿ?”

“ಬಿಡದಷ್ಟು...”