ಷುಫೆನ್ ಅಕ್ಕನ ಜಾಗ

ಎರಡು ಲೇಸರ್‌ಗಳ ಬೆಳಕು ಬೆರೆತರೆ ಮಾತ್ರ ನಮ್ಮ ಪರದೆಯ ಮೇಲೆ ಮೈಕ್ರೋವೇವ್ ಅಲೆಯ ಗೆರೆ ಏಳುತ್ತದೆ; ಒಂದೇ ಉರಿದರೆ ಪರದೆ ಖಾಲಿ. ತೈವಾನಿನ ನಮ್ಮ ಪ್ರಯೋಗಾಲಯದಲ್ಲಿ, ಯಂತ್ರ ಹಟ ಮಾಡದಿರಲೆಂದು, ಇಲ್ಲಿನ ನಂಬಿಕೆಯಂತೆ, ಪ್ರತಿಯೊಂದರ ಮೇಲೂ ಹಸಿರು ಪೊಟ್ಟಣದ ತಿಂಡಿ ಇಡುತ್ತೇವೆ. ನಮ್ಮ ಹಿರಿಯ ಸಹೋದ್ಯೋಗಿ ಷುಫೆನ್ ಅಕ್ಕ ತೀರಿಕೊಂಡ ಮೇಲೆ ಅವರ ಲೇಸರನ್ನು ಬೇರೆಡೆಗೆ ಸಾಗಿಸಿಬಿಟ್ಟಿದ್ದರು; ನನ್ನದೊಂದೇ ಉರಿಯುತ್ತಿತ್ತು. ಆ ಮಧ್ಯಾಹ್ನ ಹಳೆಯ ಪೊಟ್ಟಣಗಳನ್ನು ಬದಲಿಸುತ್ತ, ರೂಢಿಯಂತೆ ಅವರ ಖಾಲಿ ಜಾಗದಲ್ಲೂ ಒಂದನ್ನಿಟ್ಟೆ.

“ಯಂತ್ರಾನೇ ಇಲ್ವಲ್ಲೋ, ಯಾರು ತಿನ್ನೋಕೆ?” ಎಂದು ಜೊತೆಗಿದ್ದ ಯೂಹಾನ್ ನಕ್ಕಳು. ನಗುತ್ತಲೇ ಪರದೆಯತ್ತ ತಿರುಗಿದಳು. ಗೆರೆ ಎದ್ದು ನಿಂತಿತ್ತು.

ಬೇರೆ ಬೆಳಕೇನಾದರೂ ಬೆರೆತಿರಬಹುದೆಂದು ದೀಪ ಆರಿಸಿದೆ, ಕಿಟಕಿ ಮುಚ್ಚಿದೆ. ಗೆರೆ ಹೋಗಲಿಲ್ಲ. ಕೊನೆಗೆ ಆ ಖಾಲಿ ಜಾಗದ ಮುಂದೆ ಅಂಗೈ ಅಡ್ಡ ಹಿಡಿದೆ. ಅಂಗೈ ಬೆಚ್ಚಗಾಯಿತು, ಗೆರೆ ಅಳಿಸಿಹೋಯಿತು.

“ಕೈ ತೆಗಿಯೋ,” ಎಂದಳು ಯೂಹಾನ್ ಮೆಲ್ಲಗೆ. “ಕೆಲಸಕ್ಕೆ ಅಡ್ಡ ಬಂದ್ರೆ ಅಕ್ಕಂಗೆ ಆಗ್ತಿರ್ಲಿಲ್ಲ.”

ತೆಗೆದೆ. ಗೆರೆ ಮತ್ತೆ ಎದ್ದಿತು.