ಹೊಸ್ತಿಲ ಬರಹ ಅಳಿಸಿಹೋದ ಬೆಳಗು

ಬಹಳ ಬಹಳ ಹಿಂದೆ ಇಬ್ಬೀಡು ಅಂತ ಒಂದು ರಾಜ್ಯ. ಅದಕ್ಕೆ ಒಬ್ಬರಲ್ಲ, ಇಬ್ಬರು ರಾಣಿಯರು. ಅಕ್ಕ ಮಾಣಿಕಬ್ಬೆ, ತಂಗಿ ಮುತ್ತಬ್ಬೆ. ಕಾಳಿಂಗ ಅನ್ನೋ ಮಾಯಗಾರ ಬಂದು, "ಇಬ್ಬರನ್ನೂ ಮದುವೆಯಾಗ್ತೀನಿ" ಅಂದ. "ಮೊದಲು ಮುಖ ತೊಳ್ಕೊಂಡು ಬಾ" ಅಂದರು ಇಬ್ಬರೂ. ಅಷ್ಟಕ್ಕೇ ಅವನು ಶಾಪ ಹಾಕಿಬಿಟ್ಟ.

ಶಾಪ ಏನಪ್ಪಾ ಅಂದರೆ, ಸಂಜೆಯಾದರೆ ಇಬ್ಬರಿಗೂ ನಿದ್ದೆ. ಬೆಳಗಾದರೆ ಒಬ್ಬಳು ಮಾತ್ರ ಏಳಬೇಕು, ಒಬ್ಬರನ್ನೊಬ್ಬರು ನೋಡುವಂತಿಲ್ಲ. ಬಿಸಿಲು ಮಂಚ ಮುಟ್ಟುವುದರೊಳಗೆ ಯಾರೂ ಏಳದಿದ್ದರೆ ಇಬ್ಬರೂ ಕಲ್ಲು!

ಎಬ್ಬಿಸುವ ಕೆಲಸ ಅರಮನೆಯ ದಾಸಿ ಕೇತವ್ವನದು. ಎಬ್ಬಿಸುವ ಮಂತ್ರ ಅರಮನೆಯ ಹೊಸ್ತಿಲ ಮೇಲೆ ಕೆತ್ತಿತ್ತು. ಅಕ್ಕನ ಸಾಲು ಓದಿದರೆ ಒಳಗಿನ ಮೊದಲನೇ ಬಾಗಿಲು ತಾನೇ ತೆರೆಯುತ್ತಿತ್ತು, ತಂಗಿಯ ಸಾಲು ಓದಿದರೆ ಎರಡನೆಯದು. ಹನ್ನೆರಡು ವರ್ಷ ಓದಿದರೂ ಮಂತ್ರ ಬಾಯಿಪಾಠ ಆಗಿರಲಿಲ್ಲ. ಕಲ್ಲಿನಿಂದ ಕಣ್ಣು ತೆಗೆದರೆ ನಾಲಿಗೆಯಿಂದಲೂ ಜಾರಿಹೋಗುತ್ತಿತ್ತು.

ಒಂದು ವರ್ಷ ಅರಮನೆಯಲ್ಲಿ ಓಲೆಗರಿ ಇಡೋಕೆ ಜಾಗ ಸಾಲದೆ ಹೋಯಿತು. ಎಲ್ಲಿಂದಲೋ ಒಬ್ಬ ಗಾರೆಯವನು ಬಂದು, "ಮೂರೇ ದಿನದಲ್ಲಿ ಹೊಸ ಕೋಣೆ ಕಟ್ಟಿಕೊಡ್ತೀನಿ" ಅಂದ. ಮಾಣಿಕಬ್ಬೆ ಒಪ್ಪಿದಳು.

"ತಾಯಿ, ಕೋಣೆ ಕೂಡಿಸೋ ಮೊದಲು ಹೊಸ್ತಿಲ ಬರಹ ಓಲೆಗೆ ಇಳಿಸಿಕೊಳ್ಳಬೇಕು ಅಂತ ನಮ್ಮತ್ತೆ ಹೇಳ್ತಿದ್ರು" ಅಂದಳು ಕೇತವ್ವ.

"ಕಟ್ಟೋದು ಒಳಗೆ ಕಣೇ. ಹೊಸ್ತಿಲಿಗೇನಾಗತ್ತೆ?" ರಾಣಿ ನಕ್ಕಳು.

ನಕ್ಕರೆ ನಗಲಿ! ಕೇತವ್ವ ಒಂದಕ್ಷರ ಬಿಡದೆ ಓಲೆಗೆ ಇಳಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಾಲ್ಕನೇ ದಿನ ಬೆಳಗ್ಗೆ ಬಂದು ನೋಡುತ್ತಾಳೆ, ಅಯ್ಯಯ್ಯೋ! ಹೊಸ್ತಿಲು ನುಣ್ಣಗಿದೆ! ಮಂತ್ರ ಎಲ್ಲಾ ಮಾಯ. ಅದರ ಮೇಲೆ ಒಂದೇ ಹೆಸರು, ಕಾಳಿಂಗ. ಗಾರೆಯವನೇ ಮಾಯಗಾರ!

ಕೇತವ್ವ ಸೊಂಟದ ಓಲೆ ತೆಗೆದು ಅಕ್ಕನ ಸಾಲು ಓದಿದಳು. ಮೊದಲನೇ ಬಾಗಿಲು ತೆರೆಯಿತು. ಒಳಗೆ ಅಕ್ಕ ಎಲ್ಲಿ? ಹುಲಿ! ಬಾಯಿ ತೆರೆದು ಮನುಷ್ಯರ ಹಾಗೆ ನಕ್ಕಿತು. ಕೇತವ್ವ ಬಾಗಿಲು ಎಳೆದು ಅಗುಳಿ ಜಡಿದಳು.

ತಂಗಿಯ ಸಾಲು ಓದಿದಳು. ಎರಡನೇ ಬಾಗಿಲು ತೆರೆಯಿತು. ಮಂಚದ ಮೇಲೆ ಮಾಣಿಕಬ್ಬೆ! ತಂಗಿಯ ಮಂತ್ರಕ್ಕೆ ಅಕ್ಕ ಎಚ್ಚರಾಗುತ್ತಾಳೆಯೇ? ನರಳಿದಳು, ಅಷ್ಟೇ. ಬಿಸಿಲು ಆಗಲೇ ಮಂಚದ ಹತ್ತಿರಕ್ಕೆ ಬಂದಿತ್ತು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಬರಹ ಸರಿಯಾಗೇ ಇದೆ, ಬಾಗಿಲ ಎಣಿಕೆ ತಪ್ಪಿದೆ!" ಕೇತವ್ವ ಹಣೆ ಬಡಿದುಕೊಂಡಳು. ಆ ಖದೀಮ ಹೊಸ ಕೋಣೆಯನ್ನು ಸಾಲಿನ ಕೊನೆಯಲ್ಲಿ ಕಟ್ಟದೆ ಎಲ್ಲಕ್ಕಿಂತ ಮುಂದೆ ಕಟ್ಟಿದ್ದ. ಮೊದಲನೆಯದು ಎರಡನೆಯದಾಗಿತ್ತು, ಎರಡನೆಯದು ಮೂರನೆಯದು.

ಅವನೇ ಕಲಸಿ ಬಿಟ್ಟ ಗಾರೆ ಅಲ್ಲೇ ಹಸಿಯಾಗಿತ್ತು. ಸೆರಗು ಸಿಕ್ಕಿಸಿದವಳೇ ಎರಡೂ ಕೈಯಲ್ಲಿ ಬಾಚಿ ಹೊಸ ಬಾಗಿಲಿಗೆ ಮೆತ್ತಿದಳು. ಸಂದು ಮುಚ್ಚಿದಳು, ಅಗುಳಿ ಮುಚ್ಚಿದಳು.

ಒಳಗಿನಿಂದ ಹುಲಿ ಕಾಳಿಂಗನ ದನಿಯಲ್ಲಿ ಕೂಗಿತು. "ಕೇತವ್ವಾ, ಬಾಗಿಲು ತೆಗಿಯೇ!"

"ಯಾವ ಬಾಗಿಲಯ್ಯಾ? ಇಲ್ಲಿರೋದು ಗೋಡೆ."

ಗೋಡೆ ಅಂದದ್ದೇ ತಡ, ಅದು ಗೋಡೆಯೇ ಆಯಿತು. ಬಾಗಿಲಿಲ್ಲದ ಕೋಣೆ ಎಣಿಕೆಯಿಂದ ಬಿತ್ತು. ಎಣಿಕೆಯಿಂದ ಬಿದ್ದದ್ದು ಅರಮನೆಯಿಂದಲೂ ಬಿತ್ತು. ಕೋಣೆಯೂ ಇಲ್ಲ, ಕಾಳಿಂಗನೂ ಇಲ್ಲ.

ಬಿಸಿಲು ಮಂಚಕ್ಕೆ ಒಂದೇ ಗೇಣು ದೂರ. ಕೇತವ್ವ ಒಂದೇ ಉಸಿರಿಗೆ ಅಕ್ಕನ ಸಾಲು ಓದಿದಳು. ಮೊದಲನೇ ಬಾಗಿಲಿನಿಂದ ಮಾಣಿಕಬ್ಬೆ ಎದ್ದು ಬಂದಳು. ಅಬ್ಬಾ ಅಂತ ಕುಸಿದು ಕೂತರೆ, ಓದದೇ ಇದ್ದರೂ ಎರಡನೇ ಬಾಗಿಲೂ ಕಿರ್ರೆಂದಿತು! ಮಾಯಗಾರನ ಜೊತೆ ಅವನ ಶಾಪವೂ ಹೋಗಿತ್ತು.

ಹನ್ನೆರಡು ವರ್ಷದ ಮೇಲೆ ಅಕ್ಕತಂಗಿ ಎದುರುಬದುರು ನಿಂತರು. ಮುತ್ತಬ್ಬೆ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಅಕ್ಕಾ! ಕೂದಲೆಲ್ಲಾ ನೆರೆತುಹೋಗಿದೆಯಲ್ಲೇ!"

"ನಿನ್ನದೇನು ಕಪ್ಪಗಿದೆಯಾ?" ಅಂದು ಅಕ್ಕ ಅವಳನ್ನು ತಬ್ಬಿ ಗೊಳೋ ಅಂತ ಅತ್ತಳು.

ಅಂದಿನಿಂದ ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಂಡರು, ಊರೂ ಅವರ ಜೊತೆ ಹೊಟ್ಟೆ ತುಂಬ ಉಂಡಿತು. ಕೇತವ್ವ ಮಾತ್ರ ಬಿಸಿಲೇರುವ ತನಕ ಮಲಗಿದಳು, ಅವಳನ್ನು ಎಬ್ಬಿಸಲು ಯಾರೂ ಹೋಗಲಿಲ್ಲ.